ಚಿಕ್ಕಮಗಳೂರಿನ ತೇವದಲ್ಲಿ ಶೀನೋ ಗ್ಲೇಜ್: ನನ್ನ ಅನುಭವ

ಶೀನೋ, ಅಂದರೆ ಮಣ್ಣಿನ ಪಾತ್ರೆಗೆ ಹಚ್ಚಿ ಸುಡುವ ಜಪಾನಿ ಗಾಜಿನ ಲೇಪ (ಗ್ಲೇಜ್), ಕೆಟ್ಟಿತೆಂದರೆ ಎಲ್ಲರೂ ಮೊದಲು ಕೈಹಾಕುವುದು ರೆಸಿಪಿಗೆ. ಮಲೆನಾಡಿನ ಹವೆಯಲ್ಲಿ ಕೆಲಸ ಮಾಡುವವರು ಅದಕ್ಕೂ ಮೊದಲು ನೀರನ್ನೂ ಒಣಗಿಸುವ ಕ್ರಮವನ್ನೂ ನೋಡಬೇಕು.

ಜಪಾನಿನ ಮಿನೋ ಸೀಮೆಯ ಹಳೆಯ ಶೀನೋದಲ್ಲಿ ಹೆಚ್ಚುಪಾಲು ಫೆಲ್ಡ್‌ಸ್ಪಾರ್ ಎಂಬ ಕಲ್ಲಿನ ಪುಡಿಯೇ. ಸೋಡಾ ಆಶ್ (ನೀರಿನಲ್ಲಿ ಕರಗುವ ಸೋಡಿಯಂ ಕಾರ್ಬೊನೇಟ್) ಬೆರೆಸುವ ರೂಢಿ 1970ರ ದಶಕದಲ್ಲಿ ಅಮೆರಿಕದ ಕುಂಬಾರಿಕೆ ಕಲಾವಿದೆ ವರ್ಜೀನಿಯಾ ವರ್ಟ್ ಅವರಿಂದ ಬಂತು. ನಾನು ಪರೀಕ್ಷೆಗೆ ಇಟ್ಟುಕೊಂಡಿರುವ ಮೂಲ ಅಳತೆ, ತೂಕದ ಭಾಗಗಳಲ್ಲಿ: ನೆಫೆಲಿನ್ ಸಯನೈಟ್ (ಫೆಲ್ಡ್‌ಸ್ಪಾರಿನಂಥದೇ ಕಲ್ಲಿನ ಪುಡಿ) 45, ಸೋಡಾ ಫೆಲ್ಡ್‌ಸ್ಪಾರ್ 15, ಬಾಲ್ ಕ್ಲೇ 15, ಚೈನಾ ಕ್ಲೇ 15, ಸೋಡಾ ಆಶ್ 10. ಬೇರೆಲ್ಲ ಹಾಗೇ ಬಿಟ್ಟು ಸೋಡಾ ಒಂದನ್ನೇ 4, 8, 12, 16 ಎಂದು ಏರಿಸಿ ಬಿಲ್ಲೆಗಳನ್ನು ಸುಡುತ್ತೇನೆ. 4ರಲ್ಲಿ ದಪ್ಪನೆಯ ಬಿಳಿ ಬರುತ್ತದೆ; 12 ದಾಟಿದರೆ ಹೊಗೆಯ ಮಸಿ ಗ್ಲೇಜಿನೊಳಗೆ ಸಿಕ್ಕಿ ನಮಗೆ ಬೇಕಾದ ಬೂದು-ಕಪ್ಪು ಚೆನ್ನಾಗಿ ಹಿಡಿಯುತ್ತದೆ, ಹೊಳಪೂ ಏರುತ್ತದೆ. ಊರಿನ ಕೆಂಪು ಮಣ್ಣನ್ನು 80 ಮೆಶ್‌ನಲ್ಲಿ (ಇಂಚಿಗೆ 80 ಕಣ್ಣು) ಜರಡಿ ಹಿಡಿದು 4 ಭಾಗ ಹಾಕಿದರೆ ತೆಳುವಾದ ಕಡೆ ಕಿತ್ತಳೆ ಏಳುತ್ತದೆ.

ಅಂಗಡಿಯ ಹರಳು ವಾಷಿಂಗ್ ಸೋಡಾ ತಂದು ಅದೇ ತೂಕ ಹಾಕಬೇಡಿ. ಅದರ 100 ಗ್ರಾಂನಲ್ಲಿ ನಿಜವಾದ ಸೋಡಾ ಸುಮಾರು 37 ಗ್ರಾಂ, ಉಳಿದದ್ದು ನೀರು. ಸೋಡಾವನ್ನು ಬಿಸಿನೀರಿನಲ್ಲಿ ಕರಗಿಸಿ, ಕೈಗವಸು ಹಾಕಿಯೇ ಬೆರೆಸಿ. ಪುಡಿ ತೂಗುವಾಗ ಮಾಸ್ಕ್ ಇರಲಿ. ಬಕೆಟ್‌ನ ಮೇಲೆ ತಿಳಿನೀರು ನಿಂತರೆ ಚೆಲ್ಲಬಾರದು, ಸೋಡಾ ಇರುವುದೇ ಅದರಲ್ಲಿ. ಡಿಸೆಂಬರ್ ಚಳಿಗೆ ತಳದಲ್ಲಿ ಗಾಜಿನ ಚೂರಿನಂಥ ಹರಳು ಕಟ್ಟುತ್ತದೆ. ಜರಡಿಯಲ್ಲಿ ಸೋಸಿ ಎಸೆಯದೆ ಬಕೆಟ್ಟನ್ನು ಬಿಸಿನೀರಿನ ಟಬ್ಬಿನಲ್ಲಿಟ್ಟು ಕರಗಿಸಿ. ಗ್ಲೇಜ್ ತಳ ಹಿಡಿದು ಗಟ್ಟಿಯಾಗುತ್ತಿದ್ದರೆ 2 ಭಾಗ ಬೆಂಟೊನೈಟ್ (ನೀರು ಹೀರಿ ಉಬ್ಬುವ ಜೇಡಿ) ಸಾಕು.

ಇನ್ನು ಒಣಗಿಸುವುದು. ನೀರು ಆರುತ್ತಾ ಹೋದಂತೆ ಸೋಡಾ ಅದರ ಜೊತೆ ಮೇಲಕ್ಕೆ ಬಂದು, ಬೇಗ ಆರುವ ಅಂಚಿನಲ್ಲಿ, ಹಿಡಿಯ ಮೇಲೆ ಬಿಳಿ ನವಿರಾಗಿ ಕೂರುತ್ತದೆ. ಮಸಿ ಹಿಡಿಯುವುದು ಹೆಚ್ಚಾಗಿ ಅಲ್ಲೇ. ಜುಲೈನಲ್ಲಿ ಇದು ದಿನಗಟ್ಟಲೆ ನಡೆಯುವುದರಿಂದ ನಮಗೆ ಮಳೆಗಾಲವೇ ಅನುಕೂಲ. ಮಾರ್ಚ್ ಬಿಸಿಲಿಗೆ ಮಾತ್ರ ಪ್ಲಾಸ್ಟಿಕ್ ಹೊದಿಸಿ ನಿಧಾನಿಸಬೇಕು; ಅರ್ಧ ಮುಚ್ಚಿದರೆ ತೆರೆದ ಅರ್ಧಕ್ಕೆ ಸೋಡಾ ಸರಿಯುತ್ತದೆ. ಈ ನವಿರಿಗೆ ಬೆರಳು ತಾಗಿದರೆ ಸುಟ್ಟ ಮೇಲೂ ಗುರುತು ಉಳಿಯುತ್ತದೆ, ಹಾಗಾಗಿ ಪಾತ್ರೆಯನ್ನು ಪಾದ ಹಿಡಿದೇ ಎತ್ತಿ. ಒಳಗೆ ಗ್ಲೇಜ್ ಹಾಕಿದ ದಿನವೇ ಹೊರಗೂ ಅದ್ದಬೇಡಿ: ನೆಂದ ಗೋಡೆ ಸರಿಯಾಗಿ ಹೀರುವುದಿಲ್ಲ, ಪದರ ಸಿಪ್ಪೆ ಏಳುತ್ತದೆ. ಸುಟ್ಟಾಗ ಗ್ಲೇಜ್ ಅಲ್ಲಲ್ಲಿ ಮುದ್ದೆಗಟ್ಟಿ ಮಣ್ಣು ಬತ್ತಲಾಗುತ್ತಿದ್ದರೆ ಪದರ ತೆಳುಮಾಡಿ, ಇಲ್ಲವೇ ರೆಸಿಪಿಯ ಚೈನಾ ಕ್ಲೇಯಲ್ಲಿ ಅರ್ಧಪಾಲನ್ನು ಮೊದಲೇ ಸುಟ್ಟುಕೊಂಡು ಬೆರೆಸಿ.

ಗ್ಯಾಸ್ ಕಿಲ್ನ್‌ನಲ್ಲಿ (ಪಾತ್ರೆ ಸುಡುವ ಗೂಡಿನಲ್ಲಿ) 870 ಡಿಗ್ರಿ ಸೆಲ್ಸಿಯಸ್‌ಗೆ ಡ್ಯಾಂಪರ್, ಅಂದರೆ ಹೊಗೆದಾರಿಯ ತಡೆ, ತಗ್ಗಿಸಿ ಮುಕ್ಕಾಲು ಗಂಟೆ ಹೊಗೆ ಕೊಡುತ್ತೇನೆ. ಗ್ಲೇಜ್ ಕರಗಿ ಮುಚ್ಚಿಕೊಂಡ ಮೇಲೆ ಮಸಿಗೆ ಒಳಹೋಗಲು ದಾರಿಯಿಲ್ಲ. ತಡವಾದ ಹೊಗೆ ಗ್ಯಾಸಿನ ದಂಡ. ಆಮೇಲೆ ಹಗುರ ರಿಡಕ್ಷನ್‌ನಲ್ಲಿ (ಗಾಳಿ ಕಡಿಮೆ ಇರುವ ಉರಿಯಲ್ಲಿ) ಕೋನ್ 10ರವರೆಗೆ (ಸುಮಾರು 1,300 ಡಿಗ್ರಿ). ಚಳಿಗೆ ಸಿಲಿಂಡರ್ ಮೇಲೆ ಹಿಮ ಕೂತು ಒತ್ತಡ ಇಳಿಯುತ್ತದೆ, ಎರಡು ಸಿಲಿಂಡರ್ ಜೋಡಿಸಿಡಿ. ಸೋಡಾದ ಆವಿ ಪಕ್ಕದ ಗ್ಲೇಜಿನ ಬಣ್ಣವನ್ನೂ ಕೆಡಿಸುವುದರಿಂದ ಸೆಲಡಾನ್ (ತಿಳಿ ಹಸಿರು ಗ್ಲೇಜ್) ಪಾತ್ರೆಗಳನ್ನು ಬೇರೆ ಹಲಗೆಯಲ್ಲಿಡಿ.