ಒಣಗಿದ ಪಾಚಿಯಲ್ಲಿ ನೀರುಕರಡಿ ಹುಡುಕುವ ಬಗೆ

ನೀರುಕರಡಿ (ಟಾರ್ಡಿಗ್ರೇಡ್) ಎಂಬ ಎಂಟು ಕಾಲಿನ ಸೂಕ್ಷ್ಮ ಪ್ರಾಣಿಯನ್ನು ನೋಡಲು ಹೊರಟವರು ಸಾಮಾನ್ಯವಾಗಿ ನೀರು ಜಿನುಗುವ ಹಸಿರು ಪಾಚಿಗೆ ಕೈಹಾಕುತ್ತಾರೆ. ನಾನು ಹುಡುಕುವುದು ಬಿಸಿಲಿಗೆ ಗರಿಗರಿಯಾದದ್ದನ್ನು. ಗೋಡೆ, ಬಂಡೆ, ಮರದ ತೊಗಟೆಯ ಮೇಲೆ ಆಗಾಗ ನೆನೆದು ಆಗಾಗ ಒಣಗುವ ಪಾಚಿಯಾದರೆ ಸರಿ. ಈ ಪ್ರಾಣಿಯ ಹೆಚ್ಚುಗಾರಿಕೆ ಇರುವುದೇ ಒಣಗಿ, ನೀರು ಸಿಕ್ಕಾಗ ಮತ್ತೆ ಎಚ್ಚೆತ್ತುಕೊಳ್ಳುವುದರಲ್ಲಿ.

ನಾಣ್ಯದಗಲದ ಚೂರು ಸಾಕು. ಅಗಲವಾದ ಬಟ್ಟಲಲ್ಲಿ ಬೋರಲಾಗಿಟ್ಟು ಮಳೆನೀರು ಹಾಕಿ, ರಾತ್ರಿಯಿಡೀ ಬಿಡಿ. ಕ್ಲೋರಿನ್ ಬೆರೆತ ನಲ್ಲಿ ನೀರು ಬೇಡ. ಬೆಳಿಗ್ಗೆ ಪಾಚಿಯನ್ನು ಹಿಂಡಿ, ಗಸಿ ತಳಕ್ಕಿಳಿದ ಮೇಲೆ ಅದನ್ನು ಡ್ರಾಪರಿನಿಂದ ತೆಗೆದು ಸೂಕ್ಷ್ಮದರ್ಶಕದಡಿ ಇಡಿ. ನಲವತ್ತು ಪಟ್ಟು ಹಿಗ್ಗಿಸಿದರೆ ಕಾಣುತ್ತದೆ. ಹೆಚ್ಚಿನವು ಅರ್ಧ ಮಿಲಿಮೀಟರಿಗಿಂತ ಚಿಕ್ಕವು.

ಅವಸರಪಡದೆ ನೋಡಿ. ಎಂಟು ಮೋಟು ಕಾಲು, ತುದಿಯಲ್ಲಿ ಉಗುರು. ಕೊನೆಯ ಜೋಡಿ ಹಿಂದಕ್ಕೆ ಚಾಚಿ ಪಾಚಿಯೆಲೆಯನ್ನು ಹಿಡಿದುಕೊಂಡಿರುತ್ತದೆ. ಮೈ ಪಾರದರ್ಶಕವಾದ್ದರಿಂದ ತಿಂದ ಹಸಿರು ಹೊಟ್ಟೆಯಲ್ಲಿ ಕಾಣುತ್ತದೆ. ಬಾಯೊಳಗಿನ ಎರಡು ಸೂಜಿಗಳಿಂದ ಸಸ್ಯಕೋಶಕ್ಕೆ ಚುಚ್ಚಿ ರಸ ಹೀರುವುದನ್ನು ಕಂಡರಂತೂ ಕಣ್ಣು ಕೀಳಲಾಗುವುದಿಲ್ಲ. 1773ರಲ್ಲಿ ಇದನ್ನು ಮೊದಲು ವರ್ಣಿಸಿದ ಜರ್ಮನಿಯ ಪಾದ್ರಿ ಯೋಹಾನ್ ಗೋಟ್ಜೆಗೆ ಪುಟ್ಟ ಕರಡಿ ನೆನಪಾದದ್ದು ಸಹಜವೇ.

ಇನ್ನು ಒಣಗಿಸುವ ಕೆಲಸ. ಬಟ್ಟಲಲ್ಲಿ ಪಾಚಿಯ ಎಸಳುಗಳನ್ನು ಉಳಿಸಿಕೊಂಡು, ಮುಚ್ಚಳವನ್ನು ಓರೆಯಾಗಿಟ್ಟು, ತೇವ ತಾನಾಗಿ ಆರಲು ಬಿಡಿ. ಫ್ಯಾನ್, ಬಿಸಿಲು ಬೇಡವೇ ಬೇಡ. ಕಾಲು, ತಲೆ ಒಳಗೆಳೆದುಕೊಂಡು ಪ್ರಾಣಿ ಪುಟ್ಟ ಪೀಪಾಯಿಯಾಗುತ್ತದೆ. ಮೈಯ ನೀರೆಲ್ಲ ಹೆಚ್ಚುಕಡಿಮೆ ಹೋಗಿಬಿಡುತ್ತದೆ. ಕೆಲವು ಜಾತಿಗಳಲ್ಲಿ ಆಗ ವಿಶೇಷ ಪ್ರೋಟೀನುಗಳು ಗಾಜಿನಂತೆ ಗಟ್ಟಿಯಾಗಿ ಜೀವಕೋಶದ ಒಳಗನ್ನು ಕಾಯುತ್ತವೆ. ಈ ಸಿದ್ಧತೆಗೆ ಸಮಯ ಬೇಕು. ಥಟ್ಟನೆ ಒಣಗಿಸಿದರೆ ಅದು ಸಾಯಬಹುದು.

ಅಂಟಾರ್ಕ್ಟಿಕಾದಲ್ಲಿ 1983ರಲ್ಲಿ ಸಂಗ್ರಹಿಸಿ ಹೆಪ್ಪುಗಟ್ಟಿಸಿಟ್ಟಿದ್ದ ಪಾಚಿಯನ್ನು ಜಪಾನಿನ ವಿಜ್ಞಾನಿಗಳು 2014ರಲ್ಲಿ ಕರಗಿಸಿದಾಗ, ಅದರಲ್ಲಿದ್ದ ನೀರುಕರಡಿ ಎಚ್ಚೆತ್ತು ಮೊಟ್ಟೆಯನ್ನೂ ಇಟ್ಟಿತು. 2007ರಲ್ಲಿ ಬಾಹ್ಯಾಕಾಶದ ನಿರ್ವಾತಕ್ಕೆ ಒಡ್ಡಿದವುಗಳಲ್ಲೂ ಹಲವು ಬದುಕಿ ಬಂದವು. ಆದರೂ ಇದಕ್ಕೆ ಸಾವೇ ಇಲ್ಲ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಎಚ್ಚರವಿದ್ದಾಗ ಇದೂ ಬಿಸಿಗೆ, ಹಸಿವಿಗೆ ಬಲಿಯಾಗುವ ಜೀವವೇ.

ಕೆಲವು ದಿನ ಬಿಟ್ಟು ಒಂದು ಹನಿ ನೀರು ಬಿಡಿ. ಪೀಪಾಯಿ ಉಬ್ಬುತ್ತದೆ, ಮೈ ನೀಳವಾಗುತ್ತದೆ, ಕಾಲೊಂದು ಅದುರುತ್ತದೆ. ಕೆಲವಕ್ಕೆ ನಿಮಿಷಗಳು ಸಾಕು, ಕೆಲವಕ್ಕೆ ಗಂಟೆಗಳೇ ಬೇಕು, ಬೇಗ ಕೈಬಿಡಬೇಡಿ. ನೋಡಿಯಾದ ಮೇಲೆ ನೀರನ್ನು ಚರಂಡಿಗೆ ಚೆಲ್ಲದೆ, ಪಾಚಿಯ ಸಮೇತ ಕಿತ್ತ ಜಾಗಕ್ಕೇ ಹಾಕಿ.