ಏಕದಿನ ಪಂದ್ಯದ ಓವರ್ ಲೆಕ್ಕ ಇಡುವುದು ಹೇಗೆ?

ಹತ್ತು ವರ್ಷದಿಂದ ಪಂದ್ಯಗಳಿಗೆ ಸ್ಕೋರ್ ಬರೆಯುತ್ತಿದ್ದೇನೆ. ಹೊಸದಾಗಿ ಕ್ರಿಕೆಟ್ ನೋಡುವವರು ನನ್ನ ಪಕ್ಕ ಕೂತು ಮೊದಲು ಕೇಳುವುದೇ ಇದು: ‘ಈ 32.3 ಅಂದ್ರೆ ಏನು?’

32 ಓವರ್ ಮುಗಿದು, 33ನೇ ಓವರ್‌ನಲ್ಲಿ 3 ಎಸೆತ ಆಗಿದೆ ಅಂತ. ಚುಕ್ಕೆ ಆದಮೇಲೆ ಇರುವುದು ಬಾಲ್‌ಗಳ ಲೆಕ್ಕ, ಓವರಿಗೆ ಆರು ಬಾಲ್. ಹಾಗಾಗಿ 32.5 ಆದ ಮೇಲೆ ಬರುವುದು ನೇರ 33. ರನ್‌ರೇಟ್ ತೆಗೆಯುವಾಗ ಜಾಸ್ತಿ ಜನ ಎಡವುವುದು ಇಲ್ಲೇ. ಮೂರು ಬಾಲ್ ಅಂದರೆ ಅರ್ಧ ಓವರ್, ಅಲ್ವಾ? 32.3 ಓವರ್‌ನಲ್ಲಿ 195 ರನ್ ಆಗಿದ್ದರೆ, ಮೂವತ್ತೆರಡೂವರೆಯಿಂದ ಭಾಗಿಸಿ. ಓವರಿಗೆ ಸರಿಯಾಗಿ 6 ರನ್.

ಕಲಿಯಲು ಒಂದು ಹಾಳೆ, ಒಂದು ಪೆನ್ಸಿಲ್ ಸಾಕು. ಪ್ರತಿ ಓವರಿಗೆ ಒಂದು ಚೌಕ ಹಾಕಿ. ರನ್ ಬರದಿದ್ದರೆ ಚುಕ್ಕೆ, ಬಂದರೆ ಅಂಕಿ. ವೈಡ್‌ಗೆ (ಬ್ಯಾಟರ್‌ಗೆ ಎಟುಕದಷ್ಟು ದೂರ ಹೋದ ಎಸೆತ) ಕೂಡುವ ಗುರುತು, ನೋಬಾಲ್‌ಗೆ (ನಿಯಮ ತಪ್ಪಿ ಹಾಕಿದ ಎಸೆತ) ಒಂದು ಸುತ್ತು. ಈ ಓವರ್ ಬರೆದು ನೋಡಿ: ಚುಕ್ಕೆ, 1, ವೈಡ್, 4, ಚುಕ್ಕೆ, ನೋಬಾಲ್, 2, ಚುಕ್ಕೆ. ಬೌಲರ್ ಎಂಟು ಸಲ ಓಡಿ ಬಂದ. ವೈಡ್, ನೋಬಾಲ್ ಬಿಟ್ಟು ಓವರಿಗೆ ಸೇರಿದ್ದು ಆರು ಎಸೆತ ಮಾತ್ರ. ವೈಡ್‌ಗೆ ಒಂದು, ನೋಬಾಲ್‌ಗೆ ಒಂದು ಸೇರಿ ಒಟ್ಟು 9 ರನ್. ನೋಬಾಲ್ ಆದ ಮೇಲಿನ ಎಸೆತ ಫ್ರೀ ಹಿಟ್. ಅದರಲ್ಲಿ ಬೌಲ್ಡ್ ಆದರೂ ಕ್ಯಾಚ್ ಹೋದರೂ ಔಟಿಲ್ಲ, ಸಾಮಾನ್ಯವಾಗಿ ರನೌಟ್ ಮಾತ್ರ ಇದೆ.

ಆರೂ ಚುಕ್ಕೆ ಬಿದ್ದರೆ ಮೇಡನ್. ಆ ಚುಕ್ಕೆಗಳನ್ನು ಗೆರೆ ಎಳೆದು ಕೂಡಿಸುವಾಗ ಇವತ್ತಿಗೂ ಖುಷಿಯಾಗುತ್ತದೆ.

ಮೊದಲ ವರ್ಷ ಒಂದು ಪಂದ್ಯದ ಕೊನೆಯ ಓವರ್‌ನಲ್ಲಿ ವೈಡನ್ನೂ ಎಣಿಸಿಬಿಟ್ಟಿದ್ದೆ. ನನ್ನ ಹಾಳೆಯಲ್ಲಿ ಪಂದ್ಯ ಮುಗಿದಿತ್ತು, ಮೈದಾನದಲ್ಲಿ ಒಂದು ಬಾಲ್ ಬಾಕಿ ಇತ್ತು. ಅಂದಿನಿಂದ ವೈಡ್ ಆದಾಗಲೆಲ್ಲ ‘ಇನ್ನೆಷ್ಟು’ ಅಂತ ಬಾಯಿಬಿಟ್ಟು ಎಣಿಸುತ್ತೇನೆ. ನೀವೂ ಹಾಗೇ ಮಾಡಿ. ಕೊನೆಗೆ ನಡೆಯುವುದು ಅಂಪೈರ್ ಎಣಿಕೆ. ಅವರು ತಪ್ಪಿ ಐದಕ್ಕೇ ‘ಓವರ್’ ಅಂದರೂ ಆ ಓವರ್ ಮುಗಿದ ಹಾಗೇ.

ಇನ್ನು ಬೌಲರ್‌ಗಳ ಪಾಲು. ಒಬ್ಬರಿಗೆ ಹೆಚ್ಚೆಂದರೆ 10 ಓವರ್, ಅಂದರೆ 50 ಓವರ್ ಇನಿಂಗ್ಸ್‌ನ ಐದನೇ ಒಂದು ಭಾಗ. ಸತತ ಎರಡು ಓವರ್ ಹಾಕುವಂತಿಲ್ಲ. ಹಾಳೆಯ ಅಂಚಿನಲ್ಲಿ ಹೆಸರು ಬರೆದು, ಓವರ್ ಮುಗಿದಂತೆ ಗೀಟು ಹಾಕುತ್ತಾ ಹೋಗಿ. ನಲವತ್ತನೇ ಓವರ್ ಹೊತ್ತಿಗೆ ಯಾರ ಬಳಿ ಎಷ್ಟು ಉಳಿದಿದೆ ಅಂತ ಕಂಡರೆ, ನಾಯಕನ ತಲೆಯಲ್ಲಿ ಏನು ಓಡುತ್ತಿದೆ ಅಂತ ಗೊತ್ತಾಗುತ್ತದೆ. ಮಳೆ ಬಂದು 43 ಓವರಿಗೆ ಇಳಿದರೆ? ಮೂವರಿಗೆ 9, ಉಳಿದವರಿಗೆ 8. ಬೌಲರ್ ಗಾಯಗೊಂಡು ಓವರ್ ಮಧ್ಯೆ ಬಿಟ್ಟರೆ ಇನ್ನೊಬ್ಬ ಮುಗಿಸುತ್ತಾನೆ. ಆಗ ಇಬ್ಬರ ಪಾಲಿನಿಂದಲೂ ಪೂರ್ತಿ ಒಂದು ಓವರ್ ಹೋಗುತ್ತದೆ.

ಮೊದಲ 10 ಓವರ್ ಪವರ್‌ಪ್ಲೇ, ಪಿಚ್ ಸುತ್ತ ಗುರುತು ಮಾಡಿದ ಒಳವೃತ್ತದ ಹೊರಗೆ ಇಬ್ಬರೇ ಫೀಲ್ಡರ್. 11ರಿಂದ 40ರವರೆಗೆ ನಾಲ್ವರು, ಆಮೇಲೆ ಐವರು.

ಹಳೆಯ ಸ್ಕೋರ್‌ಕಾರ್ಡ್ ತೆಗೆದರೆ ಗಾಬರಿ ಬೇಡ. 1983ರ ವಿಶ್ವಕಪ್ ಫೈನಲ್‌ನಲ್ಲಿ ಭಾರತ 54.4 ಓವರ್‌ನಲ್ಲಿ 183ಕ್ಕೆ ಆಲೌಟ್ ಆಯಿತು. ಆಗ ಇದ್ದದ್ದು 60 ಓವರ್, ಬೌಲರ್‌ಗೆ 12. ವಿಶ್ವಕಪ್ 50ಕ್ಕೆ ಇಳಿದದ್ದು 1987ರಲ್ಲಿ. ಇನ್ನೂ ಹಿಂದೆ, 1971ರಲ್ಲಿ ಮೆಲ್ಬರ್ನ್‌ನಲ್ಲಿ ನಡೆದ ಮೊದಲ ಏಕದಿನ ಪಂದ್ಯದಲ್ಲಿ ಓವರಿಗೆ 8 ಎಸೆತ.

ಚೇಸ್ ಬಿಗಿಯಾದಾಗ ಬೇಕಾಗುವ ಲೆಕ್ಕ ಇನ್ನೊಂದಿದೆ. ಬೋರ್ಡ್‌ನಲ್ಲಿ 46.2 ಇದೆ ಅಂದುಕೊಳ್ಳಿ. ನಡೆಯುತ್ತಿರುವ ಓವರ್‌ನಲ್ಲಿ ಉಳಿದದ್ದು 4 ಬಾಲ್. ಅದರ ಮೇಲೆ ಮೂರು ಓವರ್, ಅಂದರೆ 18. ಒಟ್ಟು 22 ಬಾಲ್. ಬೇಕಾದ ರನ್ನಿನ ಪಕ್ಕ ಇದನ್ನು ಬರೆದಿಟ್ಟು, ಬಾಲ್ ಬಿದ್ದಂತೆ ಒಂದೊಂದೇ ಕಳೆಯುತ್ತಾ ಹೋಗಿ.