ಕ್ರಿಸ್‌ಮಸ್ ತಯಾರಿಗೆ ಬೆಕ್ಕನ್ನೂ ಸೇರಿಸಿಕೊಳ್ಳುವುದು ಹೇಗೆ

ಕ್ರಿಸ್‌ಮಸ್ ಮರ ಸಿಂಗರಿಸುವಾಗ ಬೆಕ್ಕನ್ನು ರೂಮಿನಲ್ಲಿ ಕೂಡಿಹಾಕಿದರೆ ಕೆಲಸ ಸಲೀಸು ಅಂದುಕೊಂಡಿದ್ದರೆ ಆ ಯೋಚನೆಯನ್ನು ಇಲ್ಲೇ ಬಿಟ್ಟುಬಿಡಿ. ನಾನು ಎರಡು ವರ್ಷ ಹಾಗೆ ಮಾಡಿ ನೋಡಿದ್ದೇನೆ. ಅತ್ತ ಕೆಂಚ ಬಾಗಿಲು ಕೆರೆಯುತ್ತಾ ಕೂಗುತ್ತಿದ್ದರೆ ಇತ್ತ ನಾನು ಮೂರು ಗಂಟೆ ಕೂತು ಒಂದೊಂದೇ ಗಾಜಿನ ಚೆಂಡು ನೇತುಹಾಕಿ, ದೀಪದ ಸರ ಸುತ್ತಿ, ತುದಿಗೆ ನಕ್ಷತ್ರ ಸಿಕ್ಕಿಸಿ, ಕೊನೆಗೆ ದೊಡ್ಡ ಮನಸ್ಸು ಮಾಡಿ ಬಾಗಿಲು ತೆಗೆದೆ. ಅವನು ಸೀದಾ ಬಂದ. ಮರವನ್ನು ಕೆಳಗಿಂದ ಮೇಲಕ್ಕೆ ಒಂದು ಸಲ ನೋಡಿದ. ಹತ್ತಿದ. ಮರ ಅವನ ಸಮೇತ ನೆಲಕ್ಕೆ ಬಿತ್ತು.

ಅವನಿಗೆ ಬೈದು ಏನು ಪ್ರಯೋಜನ? ವರ್ಷವಿಡೀ ಓಡಾಡಿದ ಮನೆಯಲ್ಲಿ ದಿಢೀರನೆ ಒಂದು ಮರ ಎದ್ದು ನಿಂತಿದೆ, ಅದರ ತುಂಬ ಅಲ್ಲಾಡುವ, ಹೊಳೆಯುವ, ತಟ್ಟಿದರೆ ಸದ್ದು ಮಾಡುವ ವಸ್ತುಗಳು. ಆಟದ ಸಾಮಾನು ಅಲ್ಲದೆ ಇನ್ನೇನು ಅದು? ಆಮೇಲಿಂದ ನಾನು ದಾರಿ ಬದಲಿಸಿದೆ. ಹಬ್ಬದ ಪ್ರತಿ ಕೆಲಸದಲ್ಲೂ ಬೆಕ್ಕಿಗೆ ಅದರದ್ದೇ ಒಂದು ಪಾಲು ಎತ್ತಿಡುತ್ತೇನೆ. ಅದರ ಪಾಲು ಕೊಡದಿದ್ದರೆ ಅದು ನಿಮ್ಮ ಪಾಲಿಗೆ ಕೈ ಹಾಕುತ್ತದೆ, ಅಷ್ಟೇ.

ಮೊದಲು ಮರ. ತಂದ ದಿನವೇ ಸಿಂಗರಿಸಬೇಡಿ. ಮೂರು ನಾಲ್ಕು ದಿನ ಬೋಳಾಗಿ ನಿಲ್ಲಿಸಿ. ಬೆಕ್ಕು ಮೂಸಲಿ, ಕೆನ್ನೆ ಉಜ್ಜಲಿ, ಕೆಳಗೆ ಮಲಗಲಿ, ಹತ್ತುವ ಪ್ರಯತ್ನವನ್ನೂ ಮಾಡಲಿ. ಮರ ಬೀಳುತ್ತದೋ ಇಲ್ಲವೋ ಅನ್ನುವುದು ಆಗಲೇ ಗೊತ್ತಾದರೆ ಒಳ್ಳೆಯದು ಅಲ್ವಾ? ಬುಡ ಅಗಲವಾಗಿ, ಭಾರವಾಗಿ ಇರಬೇಕು. ಮರದ ಮೇಲ್ಭಾಗಕ್ಕೆ ಮೀನಿನ ಗಾಳಕ್ಕೆ ಹಾಕುವಂಥ ಗಟ್ಟಿ ನೈಲಾನ್ ದಾರ ಬಿಗಿದು ಗೋಡೆಯ ಕೊಕ್ಕೆಗೆ ಕಟ್ಟಿಬಿಡಿ, ದೂರಕ್ಕೆ ಕಾಣುವುದೇ ಇಲ್ಲ, ಆದರೆ ಗಂಟು ಬೆಕ್ಕಿನ ಬಾಯಿಗೆ ಎಟುಕದ ಎತ್ತರದಲ್ಲಿರಲಿ. ಸೋಫಾ, ಕಿಟಕಿ ಕಟ್ಟೆ, ಪುಸ್ತಕದ ಕಪಾಟು ಯಾವುದೂ ಮರದ ಹತ್ತಿರ ಬೇಡ. ಗಟ್ಟಿಮುಟ್ಟಾದ ಬೆಕ್ಕು ನಿಂತಲ್ಲಿಂದಲೇ ಐದಡಿ ನೆಗೆಯುತ್ತದೆ, ಅದಕ್ಕೊಂದು ಸೋಫಾ ಕೈ ಬೇರೆ ಸಿಕ್ಕಿದರೆ ನಕ್ಷತ್ರಕ್ಕೇ ಲಗ್ಗೆ. ನಿಜವಾದ ಪೈನ್ ಮರವಾದರೆ ಬುಡದ ನೀರಿನ ತೊಟ್ಟಿಯನ್ನು ಮುಚ್ಚಿಡಿ. ಮರ ಬಾಡದಿರಲಿ ಅಂತ ಅದಕ್ಕೆ ಹಾಕುವ ಪುಡಿ ಬೆಕ್ಕಿನ ಹೊಟ್ಟೆಗೆ ಹೋಗುವಂಥದ್ದಲ್ಲ. ಅದೇನೋ, ಬಟ್ಟಲಲ್ಲಿ ಒಳ್ಳೆ ನೀರಿದ್ದರೂ ಅದಕ್ಕೆ ಈ ತೊಟ್ಟಿಯ ನೀರೇ ತೀರ್ಥ.

ಸಿಂಗರಿಸುವ ದಿನ ಒಂದು ಉಪಾಯ ಮಾಡಿ. ಮೊದಲು ಹದಿನೈದು ನಿಮಿಷ ಕೋಲಿಗೆ ಕಟ್ಟಿದ ಗರಿ ಹಿಡಿದು ಚೆನ್ನಾಗಿ ಓಡಿಸಿ, ಆಮೇಲೆ ಊಟ ಹಾಕಿ. ಬೇಟೆ, ಊಟ, ಮೈ ನೆಕ್ಕುವುದು, ನಿದ್ದೆ, ಬೆಕ್ಕಿನ ದಿನಚರಿ ಇದೇ ಕ್ರಮದಲ್ಲಿ ನಡೆಯುತ್ತದೆ. ನಿದ್ದೆ ಬರುವ ಹೊತ್ತಿಗೆ ನೀವು ಪೆಟ್ಟಿಗೆ ಬಿಚ್ಚಿ. ಗಾಜಿನ ಚೆಂಡುಗಳು, ಅಜ್ಜಿ ಕಾಲದ ಅಪರೂಪದವು, ಎಲ್ಲಾ ಮೇಲಿನ ಅರ್ಧಕ್ಕೆ. ಕೆಳಗಿನ ಅರ್ಧ ಬೆಕ್ಕಿನ ಪಾಲು: ಬಟ್ಟೆಯ ಗೊಂಬೆ, ಮರದ ಕುದುರೆ, ದಪ್ಪ ಕಾಗದದ ನಕ್ಷತ್ರ. ಬಿದ್ದರೂ ಒಡೆಯದಂಥವು, ಬಾಯಿಗೆ ಹಾಕಿದರೆ ನುಂಗಲಾಗದಷ್ಟು ದೊಡ್ಡವು. ತಂತಿ ಕೊಕ್ಕೆ ಬೇಡ, ಗಿಡ್ಡ ದಾರದಲ್ಲಿ ಕೊಂಬೆಗೇ ಬಿಗಿಯಾಗಿ ಗಂಟು ಹಾಕಿ. ಉಪ್ಪು ಹಾಕಿ ಕಲಸಿದ ಹಿಟ್ಟಿನಿಂದ ಮಕ್ಕಳು ಮಾಡುವ ಗೊಂಬೆಗಳನ್ನು ಮಾತ್ರ ಮರಕ್ಕೆ ಹಾಕಬೇಡಿ. ಅದರಲ್ಲಿರುವ ಉಪ್ಪು ಒಂದು ಬೆಕ್ಕಿಗೆ ವಿಷವಾಗುವಷ್ಟು ಜಾಸ್ತಿ.

ಇನ್ನು ಟಿನ್ಸೆಲ್, ಅಂದರೆ ಆ ಮಿರಮಿರ ಮಿಂಚುವ ಬೆಳ್ಳಿ ಎಳೆಗಳು. ಇದರ ಬಗ್ಗೆ ನನ್ನದು ಒಂದೇ ಮಾತು, ಮನೆಗೇ ತರಬೇಡಿ. ಬೆಕ್ಕು ನಿಮ್ಮ ಕೈ ನೆಕ್ಕುವಾಗ ಉಪ್ಪುಕಾಗದ ಉಜ್ಜಿದ ಹಾಗೆ ಆಗುತ್ತದಲ್ಲ, ಅದಕ್ಕೆ ಕಾರಣ ನಾಲಿಗೆಯ ಮೇಲಿನ ಪುಟ್ಟ ಮುಳ್ಳುಗಳು. ಎಲ್ಲವೂ ಗಂಟಲಿನ ಕಡೆಗೇ ಬಾಗಿರುತ್ತವೆ. ಹಾಗಾಗಿ ಉದ್ದನೆಯ ಎಳೆ ಬಾಯಿಗೆ ಹೋಯಿತೆಂದರೆ ಉಗುಳುವುದು ಕಷ್ಟ, ಒಳಗೆ ಹೋಗುವುದು ಸುಲಭ. ಒಂದು ತುದಿ ನಾಲಿಗೆಯ ಬುಡಕ್ಕೆ ಸುತ್ತಿಕೊಂಡು ಇನ್ನೊಂದು ತುದಿ ಕರುಳಿಗೆ ಇಳಿದರೆ, ಲಾಡಿ ಎಳೆದಾಗ ಪೈಜಾಮದ ಸೊಂಟ ನೆರಿಗೆ ಕಟ್ಟಿಕೊಳ್ಳುವ ಹಾಗೆ ಕರುಳು ಸುರುಟಿಕೊಳ್ಳುತ್ತದೆ. ದಾರ ಕರುಳನ್ನು ಕೊಯ್ಯಲೂಬಹುದು. ಬೆಕ್ಕಿಗೆ ಚೆಲ್ಲಾಟ ಇಲಿಗೆ ಪ್ರಾಣಸಂಕಟ ಅನ್ನುತ್ತೇವೆ, ಇಲ್ಲಿ ಚೆಲ್ಲಾಟವೂ ಬೆಕ್ಕಿನದೇ, ಪ್ರಾಣಸಂಕಟವೂ ಬೆಕ್ಕಿಗೇ. ಬಾಯಿಂದಲೋ ಹಿಂದಿನಿಂದಲೋ ದಾರದ ತುದಿ ಕಂಡರೆ ಎಳೆಯಬೇಡಿ. ಸೀದಾ ಪಶುವೈದ್ಯರ ಹತ್ತಿರ ಹೋಗಿ. ಗಿಫ್ಟ್ ಕಟ್ಟುವ ರಿಬ್ಬನ್ನು, ಉಣ್ಣೆ ದಾರ, ಬೇಯಿಸುವ ಮಾಂಸಕ್ಕೆ ಸುತ್ತುವ ದಾರ ಎಲ್ಲಕ್ಕೂ ಇದೇ ಮಾತು. ಅದರಲ್ಲೂ ಮಾಂಸದ ದಾರ, ರುಚಿ ಬೇರೆ ಹತ್ತಿರುತ್ತದಲ್ಲ, ಕಸದ ಬುಟ್ಟಿಯಿಂದ ಎಳೆದು ತಿನ್ನುತ್ತವೆ.

ದೀಪದ ಸರದ ವೈರನ್ನು ಕಾಂಡದ ಕಡೆಗೆ ಸುತ್ತಿ, ಪ್ಲಗ್ಗಿನವರೆಗಿನ ಭಾಗವನ್ನು ಗಟ್ಟಿ ಪೈಪಿನೊಳಗೆ ತೂರಿಸಿ. ಮಲಗುವಾಗ, ರಾತ್ರಿ ಪೂಜೆಗೆಂದು ಎಲ್ಲರೂ ಚರ್ಚಿಗೆ ಹೊರಟಾಗ, ಸ್ವಿಚ್ ಆರಿಸಿ ಪ್ಲಗ್ ಕೀಳಿ. ಮೇಣದಬತ್ತಿ ಬದಲು ಬ್ಯಾಟರಿಯದ್ದು ಸಾಕು. ಬಾಲ ಎಲ್ಲಿದೆ ಅನ್ನುವುದು ಬೆಕ್ಕಿಗೆ ಯಾವಾಗಲೂ ನೆನಪಿರುವುದಿಲ್ಲ. ಹಬ್ಬದ ವಾಸನೆ ಬರಲಿ ಅಂತ ದಾಲ್ಚಿನ್ನಿ, ಪೈನ್, ಕಿತ್ತಳೆ ಎಣ್ಣೆಗಳನ್ನು ಕಾಯಿಸಿ ಆವಿ ಬಿಡುವುದೂ ಬೇಡ, ಅಂಥ ಎಣ್ಣೆಗಳನ್ನು ಅರಗಿಸುವ ಶಕ್ತಿ ಬೆಕ್ಕಿನ ಲಿವರ್‌ಗೆ ಕಡಿಮೆ.

ಹೂವಿನ ವಿಷಯದಲ್ಲಿ ಜನ ತಪ್ಪು ಗಿಡಕ್ಕೆ ಹೆದರುತ್ತಾರೆ. ಕೆಂಪೆಲೆಯ ಪಾಯಿನ್‌ಸೆಟಿಯಾ ತಿಂದರೆ ಸಾಮಾನ್ಯವಾಗಿ ಜೊಲ್ಲು, ಒಂದೆರಡು ವಾಂತಿ, ಮುಗಿಯಿತು. ನಿಜವಾಗಿ ಹೆದರಬೇಕಾದ್ದು ಹೂಗುಚ್ಛದಲ್ಲಿ ಬರುವ ಲಿಲ್ಲಿಗೆ. ಅದರ ಎಲೆ, ಹೂವು, ಹೂದಾನಿಯ ನೀರು ಎಲ್ಲವೂ ವಿಷ. ಮೈಗೆ ಅಂಟಿದ ಪರಾಗವನ್ನು ನೆಕ್ಕಿಕೊಂಡರೂ ಸಾಕು, ಎರಡು ಮೂರು ದಿನದಲ್ಲಿ ಕಿಡ್ನಿ ಕೈಕೊಡುತ್ತದೆ. ಯಾರಾದರೂ ಲಿಲ್ಲಿ ತಂದುಕೊಟ್ಟರೆ ಥ್ಯಾಂಕ್ಸ್ ಹೇಳಿ, ಬೆಕ್ಕಿಲ್ಲದ ಮನೆಯವರಿಗೆ ದಾಟಿಸಿ. ಅಮರಿಲ್ಲಿಸ್, ಮಿಸಲ್‌ಟೋ, ಹಾಲಿ ಗಿಡಗಳೂ ಬೆಕ್ಕಿಗೆ ಎಟುಕುವ ಕಡೆ ಬೇಡ.

ಬೆಕ್ಕಿಗೂ ಹಸಿರು ಬೇಕು ಅನ್ನಿಸುತ್ತದೆ, ನಿಜ. ಅದಕ್ಕೊಂದು ಚಂದದ ದಾರಿ ಹಳೆಯ ಆಚರಣೆಯಲ್ಲೇ ಇದೆ. ಫ್ರಾನ್ಸಿನ ಪ್ರೊವಾನ್ಸ್‌ನಲ್ಲಿ ಡಿಸೆಂಬರ್ 4ರ ಸಂತ ಬಾರ್ಬರಾ ದಿನ, ಕ್ರೊವೇಷಿಯಾದಲ್ಲಿ ಡಿಸೆಂಬರ್ 13ರ ಸಂತ ಲೂಸಿ ದಿನ, ತಟ್ಟೆಯಲ್ಲಿ ಗೋಧಿ ಚೆಲ್ಲಿ ನೀರು ಚಿಮುಕಿಸುತ್ತಾರೆ. ಕ್ರಿಸ್‌ಮಸ್ ಹೊತ್ತಿಗೆ ಅದು ಗೇಣೆತ್ತರ ಬೆಳೆದರೆ ಬರುವ ವರ್ಷ ಸುಭಿಕ್ಷ ಅಂತ ನಂಬಿಕೆ. ಅಂಗಡಿಗಳಲ್ಲಿ ಬೆಕ್ಕಿನ ಹುಲ್ಲು ಅಂತ ಮಾರುವುದರಲ್ಲಿ ಎಷ್ಟೋ ಸಲ ಇದೇ ಗೋಧಿ ಪೈರು! ನಾನು ಎರಡು ತಟ್ಟೆ ಬಿತ್ತುತ್ತೇನೆ, ಒಂದು ಮೇಜಿಗೆ, ಒಂದು ನೆಲಕ್ಕೆ. ನೆಲದ್ದನ್ನು ನಮ್ಮ ಇನ್ನೊಬ್ಬಳು, ಬೂದಿ, ಒಂದು ಪಕ್ಕದಿಂದ ಶುರು ಮಾಡಿ ಸಾಲಾಗಿ ಕತ್ತರಿಸಿಕೊಂಡು ಬರುತ್ತಾಳೆ, ಹುಲ್ಲು ಕೊಯ್ಯುವ ಯಂತ್ರ ಓಡಿಸಿದ ಹಾಗೆ.

ಅದೇ 13ರಂದು ಸ್ವೀಡನ್ನಿನಲ್ಲಿ ಕೇಸರಿ ಹಾಕಿದ ಬನ್ನು ಸುಡುತ್ತಾರೆ. ಎರಡೂ ತುದಿ ಒಳಕ್ಕೆ ಸುತ್ತಿಕೊಂಡಿರುವ ಈ ಬನ್ನಿಗೆ ಲುಸೆಕಾಟ್ ಅಂತ ಹೆಸರು, ಅಂದರೆ ಲೂಸಿಯ ಬೆಕ್ಕು. ಹೆಸರು ಬೆಕ್ಕಿನದು ಅಂತ ಬೆಕ್ಕಿಗೆ ಕೊಡಬೇಡಿ. ಅದರಲ್ಲಿ ಒಣದ್ರಾಕ್ಷಿ ಇರುತ್ತದೆ, ಅದು ಬೆಕ್ಕಿಗೆ ಆಗದ ಪದಾರ್ಥಗಳ ಪಟ್ಟಿಯಲ್ಲಿದೆ. ಅದಕ್ಕಿಂತ ಅಪಾಯ ಉಬ್ಬುತ್ತಿರುವ ಹಸಿ ಹಿಟ್ಟು, ಹೊಟ್ಟೆಯಲ್ಲೂ ಉಬ್ಬುತ್ತಲೇ ಹೋಗುತ್ತದೆ, ಈಸ್ಟಿನಿಂದ ಆಲ್ಕೋಹಾಲ್ ಬೇರೆ ಹುಟ್ಟುತ್ತದೆ. ಇಲ್ಲಿ ಇನ್ನೊಂದು ತಮಾಷೆ ಇದೆ. ಒದ್ದೆ ಬಟ್ಟೆ ಮುಚ್ಚಿ ಬೆಚ್ಚಗಿನ ಜಾಗದಲ್ಲಿಟ್ಟ ಹಿಟ್ಟಿನ ಪಾತ್ರೆಯನ್ನು ನೋಡಿದ ಬೆಕ್ಕು ಅದನ್ನು ತನಗೇ ಹಾಸಿದ ಹಾಸಿಗೆ ಅಂದುಕೊಳ್ಳುತ್ತದೆ. ತಟ್ಟೆಯಂಥ ಗಟ್ಟಿ ಮುಚ್ಚಳ ಹಾಕಿ, ಪಕ್ಕದಲ್ಲಿ ಬಿಸಿನೀರಿನ ಚೀಲಕ್ಕೆ ಟವೆಲ್ ಸುತ್ತಿ ಇಡಿ. ಆ ಹಾಸಿಗೆ ಅದಕ್ಕೆ, ಹಿಟ್ಟು ನಿಮಗೆ. ಓವನ್ ಹಚ್ಚುವ ಮೊದಲು ಒಳಗೆ ಒಂದು ಸಲ ಇಣುಕಿ.

ಕೇಕಿನ ಹತ್ತಿರ ಬೆಕ್ಕು ಸುಳಿದರೆ ಸಿಹಿಗೆ ಬಂದಿದೆ ಅಂದುಕೊಳ್ಳಬೇಡಿ. ಸಿಹಿ ಅನ್ನುವ ರುಚಿಯೇ ಅದಕ್ಕೆ ಗೊತ್ತಾಗುವುದಿಲ್ಲ, ಬಂದಿರುವುದು ಬೆಣ್ಣೆಗೆ. ಚಾಕೊಲೇಟ್, ದ್ರಾಕ್ಷಿ, ರಮ್ ಇರುವ ಯಾವುದೂ ಅದಕ್ಕೆ ಬೇಡ. ಈರುಳ್ಳಿ ಬೆಳ್ಳುಳ್ಳಿ ಬಿದ್ದ ಗ್ರೇವಿಯಂತೂ ಬೇಡವೇ ಬೇಡ, ಅವು ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ. ಮಸಾಲೆ ಹಚ್ಚುವ ಮೊದಲೇ ಒಂದು ಚೂರು ಮಾಂಸ ಎತ್ತಿಟ್ಟು, ಉಪ್ಪಿಲ್ಲದೆ ಬೇಯಿಸಿ, ಮೂಳೆ ತೆಗೆದು, ನೀವು ಊಟಕ್ಕೆ ಕೂರುವಾಗಲೇ ಅದಕ್ಕೂ ಬಡಿಸಿ. ಜೊತೆಗೆ ಉಂಡ ಬೆಕ್ಕು ಮೇಜು ಹತ್ತುವುದು ಕಡಿಮೆ. ಇಲ್ಲವೇ ಇಲ್ಲ ಅಂತ ಹೇಳಲಾರೆ.

ಮಕ್ಕಳಿಗೆ ಡಿಸೆಂಬರ್ 1ರಿಂದ 24ರವರೆಗೆ ದಿನಕ್ಕೊಂದು ಬಾಗಿಲು ತೆರೆಯುವ ಅಡ್ವೆಂಟ್ ಕ್ಯಾಲೆಂಡರ್ ಇರುತ್ತದಲ್ಲ, ಬೆಕ್ಕಿಗೂ ಮಾಡಿ. ಟಿಶ್ಯೂ ಸುರುಳಿಯ ಒಳಗಿನ ರಟ್ಟಿನ ಕೊಳವೆಗಳನ್ನು ಕೂಡಿಡಿ. ಎರಡೂ ತುದಿ ಮಡಚಿ, ಒಳಗೆ ಅದರ ದಿನದ ಆಹಾರದಿಂದಲೇ ಎತ್ತಿದ ನಾಲ್ಕು ಕಾಳು ಹಾಕಿ, ಬೆಳಿಗ್ಗೆಗೊಂದು ನೆಲದ ಮೇಲೆ ಉರುಳಿಸಿ. ಹೊರಳಿಸಿ, ಕಚ್ಚಿ, ಹರಿದು ತೆಗೆಯುವುದರಲ್ಲೇ ಅದಕ್ಕೆ ಅರ್ಧ ಹಬ್ಬ. 24ಕ್ಕೆ ಕ್ಯಾಟ್‌ನಿಪ್, ಅಂದರೆ ಬೆಕ್ಕನ್ನು ಮರುಳು ಮಾಡುವ ಒಂದು ಸೊಪ್ಪು, ಹಾಕಬಹುದು. ಮೂರರಲ್ಲಿ ಎರಡು ಬೆಕ್ಕು ಮಾತ್ರ ಅದಕ್ಕೆ ಮರುಳಾಗುತ್ತವೆ, ಹತ್ತು ನಿಮಿಷ ಹೊರಳಾಡಿ ಸುಮ್ಮನಾಗುತ್ತವೆ. ಬೂದಿಗೆ ಏನೂ ಆಗುವುದಿಲ್ಲ, ಸುಮ್ನೆ ನಮ್ಮ ಮುಖ ನೋಡುತ್ತಾಳೆ.

ಉಡುಗೊರೆ ಕಟ್ಟುವಾಗ ಕಾಗದದ ಮೇಲೆ ಬಂದು ಕೂರುತ್ತದೆ, ತಳ್ಳಿದರೆ ಇನ್ನೂ ಭಾರವಾಗುತ್ತದೆ. ಮೊದಲೇ ಪಕ್ಕದಲ್ಲಿ ಒಂದು ಖಾಲಿ ರಟ್ಟಿನ ಪೆಟ್ಟಿಗೆ ಇಡಿ. ಅವಿತುಕೊಳ್ಳಲು ಪೆಟ್ಟಿಗೆ ಸಿಕ್ಕ ಬೆಕ್ಕುಗಳು ಹೊಸ ಜಾಗದ ಗಾಬರಿಯಿಂದ ಬೇಗ ಹೊರಬರುತ್ತವೆ ಅಂತ ನೆದರ್ಲೆಂಡ್ಸ್‌ನಲ್ಲಿ ಪ್ರಾಣಿಗಳ ಆಶ್ರಯಧಾಮವೊಂದರ ಬೆಕ್ಕುಗಳ ಮೇಲೆ ನಡೆದ, 2014ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ಹಾಗಾಗಿ ಆ ಪೆಟ್ಟಿಗೆಯನ್ನು ಎಸೆಯಬೇಡಿ. ನೆಂಟರು ಬರುವ ದಿನ ಒಂದು ರೂಮು ಬೆಕ್ಕಿಗೇ ಬಿಟ್ಟು ಅದನ್ನು ಅಲ್ಲಿಡಿ, ನೀರು, ಲಿಟರ್ ಟ್ರೇ ಸಮೇತ. ಬಾಗಿಲು ಅರೆ ತೆರೆದಿರಲಿ, ಬರುವುದು ಬಿಡುವುದು ಅದರ ಇಷ್ಟ. ಕೂಡಿಹಾಕುವುದಕ್ಕೂ ಇದಕ್ಕೂ ವ್ಯತ್ಯಾಸ ಅದಕ್ಕೆ ಚೆನ್ನಾಗಿ ಗೊತ್ತು. ಮನೆಯ ಮುಂಬಾಗಿಲು ಕಾಯಲು ಮಾತ್ರ ಒಬ್ಬರನ್ನು ನೇಮಿಸಿ, ಬರುವ ಹೋಗುವ ಗಲಾಟೆಯಲ್ಲಿ ಬೆಕ್ಕು ಆಚೆ ಹೋದರೆ ಹುಡುಕುವುದು ಕಷ್ಟ.

ಹೊಸ ಬಟ್ಟೆ ವಿಷಯಕ್ಕೆ ಬಂದರೆ ಐಸ್‌ಲ್ಯಾಂಡಿನ ಯೂಲ್ ಬೆಕ್ಕನ್ನು ನೆನೆಯಲೇಬೇಕು. ಗ್ರೀಲಾ ಎಂಬ ರಾಕ್ಷಸಿ, ಅವಳ 13 ತುಂಟ ಗಂಡುಮಕ್ಕಳು, ಅವರ ಮನೆಯ ದೈತ್ಯ ಬೆಕ್ಕು. ಕ್ರಿಸ್‌ಮಸ್‌ಗೆ ಹೊಸ ಬಟ್ಟೆ ಸಿಗದವರನ್ನು ಅದು ತಿಂದುಹಾಕುತ್ತದಂತೆ. ನಮ್ಮ ಮನೆಯಲ್ಲಿ ಇದನ್ನು ತಿರುಗಿಸಿಕೊಂಡಿದ್ದೇವೆ, ಹೊಸ ಬಟ್ಟೆ ಬೆಕ್ಕಿಗೇ. ಅಂದರೆ ಸಾಂಟಾ ಕೋಟು ತೊಡಿಸಿ ಫೋಟೋ ಹಿಡಿಯುವುದಲ್ಲ. ಕಿವಿ ಹಿಂದಕ್ಕೆ ಚಪ್ಪಟೆಯಾಗಿ, ಬಾಲ ಪಟಪಟ ಬಡಿಯುತ್ತಿರುವ ಬೆಕ್ಕಿನ ಫೋಟೋದಲ್ಲಿ ಏನು ಚಂದ? ಒಂದು ಉಣ್ಣೆಯ ಚೌಕ, ಮೊಳದುದ್ದ ಮೊಳದಗಲ. ಅದನ್ನು ಒಂದು ವಾರ ನನ್ನ ಹಾಸಿಗೆಯಲ್ಲಿಟ್ಟುಕೊಂಡು, ನನ್ನ ವಾಸನೆ ಹತ್ತಿದ ಮೇಲೆ ಕೊಡುತ್ತೇನೆ. ಅಂಗಡಿಯಿಂದ ತಂದ ಹಾಗೇ ಕೊಟ್ಟಿದ್ದನ್ನು ಇಬ್ಬರೂ ಮೂಸಿಯೂ ನೋಡಿರಲಿಲ್ಲ.

ಕೊನೆಯದು ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಪುಟ್ಟ ಮಾದರಿ. ಹುಲ್ಲು, ಬೆಚ್ಚಗಿನ ಮೂಲೆ, ಮೇಲೊಂದು ಸೂರು, ಇದಕ್ಕಿಂತ ಒಳ್ಳೆಯ ಮಲಗುವ ಜಾಗವನ್ನು ಬೇಕಂತಲೇ ಮಾಡಲು ಆಗುವುದಿಲ್ಲ. ಗೊಂಬೆಗಳು ಸಣ್ಣವಿದ್ದರೆ ಹಿಂದಿನ ಹಲಗೆಗೆ ಅಂಟಿಸಿ. ಹಿಮದ ಹಾಗೆ ಕಾಣಲಿ ಅಂತ ಸ್ಪ್ರೇ, ಗಾಜಿನ ನೂಲು ಬಳಸಬೇಡಿ. ಪಕ್ಕದಲ್ಲೇ ಅದೇ ಹುಲ್ಲು ಹಾಸಿದ ಇನ್ನೊಂದು ಪೆಟ್ಟಿಗೆ ಇಟ್ಟರೆ ಹತ್ತರಲ್ಲಿ ಏಳು ಸಲ ಅಲ್ಲಿ ಮಲಗುತ್ತವೆ, ಉಳಿದ ಮೂರು ಸಲ ನಿಮ್ಮ ಪುಣ್ಯ. ಯೇಸು ಹುಟ್ಟಿದ ರಾತ್ರಿ ಚಳಿಗೆ ಅಳುತ್ತಿದ್ದ ಕೂಸಿನ ಪಕ್ಕ ಒಂದು ಬೆಕ್ಕು ಬಂದು ಒತ್ತಿ ಮಲಗಿತಂತೆ, ಮರಿಯಮ್ಮ ಖುಷಿಯಿಂದ ಅದರ ಹಣೆ ಸವರಿದಳಂತೆ, ಪಟ್ಟೆ ಬೆಕ್ಕುಗಳ ಹಣೆಯ ಮೇಲಿನ ಇಂಗ್ಲಿಷಿನ ಎಂ ಅಕ್ಷರ ಆ ಗುರುತಂತೆ. ಬೈಬಲ್ಲಿನಲ್ಲಿಲ್ಲದ ಜನರ ಕಥೆ ಇದು. ಕೆಂಚನ ಹಣೆಯ ಮೇಲೂ ಆ ಎಂ ಇದೆ.

ಬಾಲ ಯೇಸುವನ್ನು ನಾವು 24ರ ರಾತ್ರಿಯೇ ಗೋದಲಿಯಲ್ಲಿಡುವುದು. ಹೋದ ವರ್ಷ ಹನ್ನೆರಡು ಗಂಟೆಗೆ ಗೊಂಬೆ ಹಿಡಿದು ಹೋದರೆ ಜಾಗ ಆಗಲೇ ಭರ್ತಿ, ಮುಂಗಾಲಿನಿಂದ ಮೂತಿ ಮುಚ್ಚಿಕೊಂಡು ಕೆಂಚ ಗೊರಕೆ ಹೊಡೆಯುತ್ತಿದ್ದ. ಎಬ್ಬಿಸಲು ಯಾರಿಗೂ ಮನಸ್ಸು ಬರಲಿಲ್ಲ. ಅವನ ಹೊಟ್ಟೆಗೆ ಒರಗಿಸಿ ಗೊಂಬೆಯನ್ನಿಟ್ಟು ದೀಪ ಆರಿಸಿದೆವು. ಬೆಳಿಗ್ಗೆ ಅದು ಸೋಫಾ ಕೆಳಗೆ ಸಿಕ್ಕಿತು.